ಹೊಸ ಮಾಡೆಲ್ ಕಾರು: ಈಗಲೇ ಕೊಳ್ಳೋಣವೇ, ಕಾಯೋಣವೇ?



ಐರ್ಲೆಂಡಿನಲ್ಲಿ ಜನವರಿ ಬಂತೆಂದರೆ ಕಾರುಗಳಿಗೆ ಯುಗಾದಿ! ನಂಬರ್ ಪ್ಲೇಟಿನಲ್ಲೇ ವರ್ಷ ಬರೆದಿರುತ್ತದಲ್ಲ, ಹಾಗಾಗಿ ಹೊಸ ಕಾರು ಕೊಳ್ಳುವವರೆಲ್ಲ ಆ ತಿಂಗಳಿಗೇ ಕಾಯುತ್ತಾರೆ. 2013ರಲ್ಲಿ ವರ್ಷವನ್ನು ಎರಡು ಭಾಗ ಮಾಡಿ 131, 132 ಎಂದು ಕೊಡಲು ಶುರುಮಾಡಿದ ಮೇಲೆ ಜುಲೈನಲ್ಲಿ ಇನ್ನೊಂದು ಹಬ್ಬ. ನಮ್ಮ ಆಡಮ್ಸ್‌ಟೌನಿನಲ್ಲೂ ಅಷ್ಟೇ. ಯಾರದೋ ಮನೆ ಮುಂದೆ ಹೊಸ ಕಾರು ನಿಂತರೆ, ಸಂಜೆ ಕಾಫಿಯ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಸುದ್ದಿ.

ಈ ಸಲ ನಮ್ಮ ಮನೆಯ ಸರದಿ. ಆಡಮ್ಸ್‌ಟೌನಿಗೆ 2007ರಿಂದ ರೈಲು ನಿಲ್ದಾಣವಿದೆ, ನನ್ನ ಆಫೀಸಿಗೆ ರೈಲೇ ಸಾಕು. ಆದರೆ ನನ್ನ ಹೆಂಡತಿ ನರ್ಸ್. ಅವಳ ಆಸ್ಪತ್ರೆಯ ದಾರಿಗೂ ಡ್ಯೂಟಿಯ ವೇಳೆಗೂ ರೈಲು ಹೊಂದುವುದಿಲ್ಲ. ಕಾರು ಕೈಕೊಟ್ಟರೆ ಕೆಲಸ ತಪ್ಪಿದಂತೆಯೇ.

ಒಮ್ಮೆ ಕೈಕೊಟ್ಟೂ ಇದೆ. ಹಿಂದಿನ ಸಲ ನಾವು ಕೊಂಡದ್ದು ಆಗಷ್ಟೇ ಬಿಡುಗಡೆಯಾಗಿದ್ದ ಮಾಡೆಲ್ (ಹೆಸರು ಬೇಡ ಬಿಡಿ). ಒಂಬತ್ತನೇ ತಿಂಗಳಲ್ಲಿ, ಡಿಸೆಂಬರ್ ಮಳೆಯಲ್ಲಿ, ಎಂ50 ಹೆದ್ದಾರಿಯಲ್ಲಿ ಸ್ಕ್ರೀನ್ ಎಲ್ಲ ಆರಿ ಕಾರು ನಿಂತೇಬಿಟ್ಟಿತು. ಮೂರು ವರ್ಷದ ಮಗಳನ್ನೆತ್ತಿಕೊಂಡು ರಸ್ತೆ ಬದಿಯ ತಡೆಗೋಡೆಯಾಚೆ ನೆನೆಯುತ್ತಾ ನಿಂತದ್ದು ಒಂದೂವರೆ ಗಂಟೆ. ಗ್ಯಾರೇಜಿನವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕೊಟ್ಟರು. "ನಿಮ್ಮ ಕಸುಬಿನವರದೇ ಕೈಚಳಕ ಅಲ್ವೇನ್ರೀ?" ಎಂದಳು ನನ್ನವಳು. ನನ್ನ ಹತ್ತಿರ ಉತ್ತರವಿರಲಿಲ್ಲ!

ಅಂದಿನಿಂದ ನಾನು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುತ್ತೇನೆ. ಬಾಗಿಲು ಹಾಕಿದಾಗ ಬರುವ ಗಟ್ಟಿ ಸದ್ದು, ಸೀಟಿನ ಹೊಲಿಗೆ, ಬಣ್ಣದ ಹೊಳಪು, ಇವು ಗುಣಮಟ್ಟ. ಶೋರೂಮಿನಲ್ಲೇ ಕಾಣುತ್ತವೆ. ಐದನೇ ವರ್ಷದ ಚಳಿಗಾಲದಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದು ನಂಬಿಕೆಯ ವಿಷಯ. ಅದನ್ನು ಕಾಲವೇ ಹೇಳಬೇಕು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಹೊಸ ಮಾಡೆಲ್ ಎಲ್ಲವೂ ಅಪಾಯವೇ? ಹಾಗೇನಿಲ್ಲ. ಅದರಲ್ಲಿ ನಿಜಕ್ಕೂ ಹೊಸದೇನು ಎಂದು ಕೇಳಬೇಕು. ಒಂದೇ ಕಂಪನಿಯ ಎರಡು ಕಥೆ ಕೇಳಿ.

2000ದಲ್ಲಿ ಟೊಯೋಟಾ ನಮ್ಮ ಬಿಡದಿಯಲ್ಲಿ ತಯಾರಿಸಿದ ಕ್ವಾಲಿಸನ್ನು ಮಾರುಕಟ್ಟೆಗೆ ತಂದಿತು. ಡಬ್ಬದ ಹಾಗಿದೆ ಎಂದು ನಕ್ಕವರಿದ್ದರು. ಆದರೆ ಅದು ಭಾರತಕ್ಕೆ ಮಾತ್ರ ಹೊಸದು. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಲ್ಲಿ ಓಡಿ ಪಳಗಿದ್ದ ವಾಹನವೇ ಅದು. 2005ರಲ್ಲಿ ಇನ್ನೋವಾಗೆ ಜಾಗ ಬಿಡುವವರೆಗೆ ಬೆಂಗಳೂರಿನ ಕಾಲ್ ಸೆಂಟರ್ ಕ್ಯಾಬುಗಳಾಗಿ ಹಗಲೂ ರಾತ್ರಿ ದುಡಿಯಿತು.

ಅದೇ ಟೊಯೋಟಾ 2022ರಲ್ಲಿ ಬಿಝಡ್4ಎಕ್ಸ್ ಎಂಬ ಎಲೆಕ್ಟ್ರಿಕ್ ಕಾರನ್ನು ಹೊಚ್ಚಹೊಸ ತಳಹದಿಯ ಮೇಲೆ ಕಟ್ಟಿತು. ಆ ವರ್ಷದ ಜೂನ್‌ನಲ್ಲೇ ಸುಮಾರು 2,700 ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ದೋಷ ಎಲ್ಲಿತ್ತು ಗೊತ್ತೇ? ಬ್ಯಾಟರಿಯಲ್ಲಲ್ಲ, ಚಕ್ರದ ಬೋಲ್ಟಿನಲ್ಲಿ! ಸಡಿಲವಾಗಿ ಚಕ್ರವೇ ಕಳಚಬಹುದೆಂದು, ಸರಿಪಡಿಸುವವರೆಗೆ ಕಾರು ಓಡಿಸಬೇಡಿ ಎಂದು ಕಂಪನಿಯೇ ಹೇಳಿತು. ಅಂದಮೇಲೆ ಕಂಪನಿಯ ಹೆಸರೊಂದೇ ಸಾಲದು, ಅಲ್ಲವೇ?

ಇಂಜಿನಿಯರಿಂಗಿನಲ್ಲಿ ಬಾತ್‌ಟಬ್ ಕರ್ವ್ ಓದಿದವರಿಗೆ ಇದು ಹೊಸದಲ್ಲ. ಯಂತ್ರ ಕೆಡುವುದು ಎಳೆತನದಲ್ಲಿ ಹೆಚ್ಚು, ನಡುವಯಸ್ಸಿನಲ್ಲಿ ಕಡಿಮೆ, ಮುಪ್ಪಿನಲ್ಲಿ ಮತ್ತೆ ಹೆಚ್ಚು.

"ಐದು ಸ್ಟಾರ್ ಇದೆಯಲ್ಲ!" ಎನ್ನುವವರಿಗೆ ಒಂದು ಮಾತು. ಯೂರೋ ಎನ್‌ಕ್ಯಾಪ್ ಅಳೆಯುವುದು ಸುರಕ್ಷತೆಯನ್ನು, ಬಾಳಿಕೆಯನ್ನಲ್ಲ. ಆ ಸ್ಟಾರುಗಳಿಗೂ ವಯಸ್ಸಿದೆ. 2013ರಲ್ಲಿ 5 ಸ್ಟಾರ್ ಪಡೆದ ರೆನೋ ಜೋಯಿಗೆ 2021ರಲ್ಲಿ ಸಿಕ್ಕಿದ್ದು ಸೊನ್ನೆ. ಸ್ಟಾರಿನ ಜೊತೆ ಇಸವಿಯನ್ನೂ ನೋಡಿ.

ಇಲ್ಲಿ ಕಾರಿಗೆ ಮೊದಲ ಎನ್‌ಸಿಟಿ ಪರೀಕ್ಷೆ ನಾಲ್ಕನೇ ವರ್ಷಕ್ಕೆ. ಯಾವ ಮಾಡೆಲ್ ಎಷ್ಟು ಪಾಸು, ಎಷ್ಟು ಫೇಲು ಎಂಬ ಅಂಕಿಅಂಶ ರಸ್ತೆ ಸುರಕ್ಷತಾ ಪ್ರಾಧಿಕಾರದಿಂದ ಪ್ರಕಟವಾಗುತ್ತದೆ. ಹೊಸ ಮಾಡೆಲಿಗೆ ಆ ಜಾತಕವೇ ಇರುವುದಿಲ್ಲ. ಆದ್ದರಿಂದ ಅದೇ ಇಂಜಿನ್, ಅದೇ ಗೇರ್‌ಬಾಕ್ಸ್ ಇರುವ ಅಣ್ಣನ ಜಾತಕ ನೋಡಬೇಕು!

ಕೊಂಡಮೇಲೂ ದಾರಿಯಿದೆ. 2022ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಡೀಲರಿನಿಂದ ಕೊಂಡ ಕಾರಿನಲ್ಲಿ ದೋಷವಿದ್ದರೆ 30 ದಿನದೊಳಗೆ ಹಿಂತಿರುಗಿಸಿ ಹಣ ಕೇಳಬಹುದು. 12 ತಿಂಗಳೊಳಗೆ ಕಾಣಿಸಿಕೊಂಡ ದೋಷ ಮೊದಲೇ ಇತ್ತೆಂದು ಭಾವಿಸಲಾಗುತ್ತದೆ, ಇರಲಿಲ್ಲವೆಂದು ತೋರಿಸುವ ಹೊಣೆ ಡೀಲರಿನದು. ನನಗೆ ಅಂದು ಇದು ಗೊತ್ತಿರಲಿಲ್ಲ. ನೀವು ರಸೀದಿ, ಸರ್ವಿಸ್ ಕಾಗದ ಎಲ್ಲ ಜೋಪಾನ ಮಾಡಿ. ತೊಂದರೆ ಹೇಳುವಾಗ ಬರೆದೇ ಕೊಡಿ.

ಮನೆಯಲ್ಲಿ ಎರಡು ಕಾರಿದ್ದು, ವಾರಂಟಿ ಉದ್ದವಿದ್ದರೆ ಹೊಸ ಮಾಡೆಲ್ ಧೈರ್ಯವಾಗಿ ಕೊಳ್ಳಿ. ಮೊದಲು ಕೊಳ್ಳುವವರು ಇದ್ದರೆ ತಾನೇ ಉಳಿದವರಿಗೆ ಬುದ್ಧಿ ಬರುವುದು! ನಮಗಿರುವುದು ಒಂದೇ ಕಾರು. ದೊಡ್ಡ ಸ್ಕ್ರೀನ್ ಬೇಕೆಂದು ಮಗಳು ಮುಖ ಊದಿಸಿದಳು. ಆದರೂ ಮಾರುಕಟ್ಟೆಗೆ ಬಂದು ಮೂರು ವರ್ಷವಾದ ಮಾಡೆಲನ್ನೇ ಬುಕ್ ಮಾಡಿದೆವು.

ಹಾಸನದಿಂದ ಫೋನ್ ಮಾಡಿದ ಅಪ್ಪ ಎಲ್ಲ ಕೇಳಿಸಿಕೊಂಡು ನಕ್ಕರು. "ಇಷ್ಟಕ್ಕೆ ಇಂಜಿನಿಯರಿಂಗ್ ಓದಬೇಕಿತ್ತೇನಪ್ಪಾ? ಹೊಸ ಗಾಡಿ ಮೊದಲ ಮಳೆಗಾಲ ಬೇರೆಯವರ ಮನೇಲಿ ಕಳೀಲಿ ಅಂತ ನಾನು ಆಗಲೇ ಹೇಳಿರಲಿಲ್ವಾ?"

ಹೇಳಿದ್ದರು, ನಿಜ. ನಿಮ್ಮ ಅನುಭವ ಏನು? ಮುಂದಿನ ಸಂಚಿಕೆಗೆ ಬರೆದು ಕಳಿಸಿ.