ಒಂದೇ ಚಪ್ಪಾಳೆ, ಎಷ್ಟೊಂದು ಕೊರಳು!

ಹಾಡು ಮುಗಿಯಿತು, ತಾಳ ಮುಗಿಯಲಿಲ್ಲ!

ಶಿವಮೊಗ್ಗದ ಗಾಂಧಿ ಬಜಾರಿನ ಗದ್ದಲ ದಾಟಿ ಮನೆಗೆ ಬಂದು, ಇಯರ್‌ಫೋನ್ ಕಿವಿಗಿಟ್ಟು ಕೂತಿದ್ದೆ. ಎರಡನೇ ಹಾಡಿಗೆ ಹಾಡುಗಾರ ಬೇರೆ, ಮಾತು ಬೇರೆ, ಧಾಟಿ ಬೇರೆ. ಅಡಿಯಲ್ಲಿ ಮಾತ್ರ ಅದೇ ಚಪ್ಪಾಳೆ, ಅದೇ ಬಡಿತ. ಮೂರನೆಯದೂ ಹಾಗೇ. ನಾಲ್ಕನೆಯದೂ! ಆಲ್ಬಮ್ಮಿನ ಹೆಸರು ನೋಡಿದೆ. ಮೈ ಜುಮ್ಮೆಂದಿತು: ‘ದಿವಾಲಿ’! ಸಮುದ್ರಗಳಾಚೆಯ ಜಮೈಕಾದ ಡಾನ್ಸ್‌ಹಾಲ್ ತಾಳಕ್ಕೆ ನಮ್ಮ ಹಬ್ಬದ ಹೆಸರು!

ಅಲ್ಲಿಯವರು ಇದನ್ನು ‘ರಿದಿಮ್’ ಅನ್ನುತ್ತಾರೆ. ಒಬ್ಬರು ವಾದ್ಯದ ಅಡಿಪಾಯ ಹಾಕಿಕೊಡುತ್ತಾರೆ. ಹತ್ತಾರು ಗಾಯಕರು ಬಂದು ಅದರ ಮೇಲೆ ತಂತಮ್ಮ ಹಾಡು ಕಟ್ಟುತ್ತಾರೆ. ಈ ತಾಳ ಕಟ್ಟಿದವರು ಸ್ಟೀವನ್ ‘ಲೆಂಕಿ’ ಮಾರ್ಸ್‌ಡನ್. ಗ್ರೀನ್‌ಸ್ಲೀವ್ಸ್ ಕಂಪನಿ ಈ ತಾಳದ ಹಲವು ಹಾಡುಗಳನ್ನು 2002ರಲ್ಲಿ ಒಂದೇ ಆಲ್ಬಮ್ಮಿಗೆ ತಂದಿತು. ಇದೇ ಚಪ್ಪಾಳೆಯ ಮೇಲೆ ವೇಯ್ನ್ ವಂಡರ್ ಪ್ರೀತಿಯನ್ನು ಹಾಡಿದರು, ಬೌಂಟಿ ಕಿಲ್ಲರ್ ಬಡವರ ಸಂಕಟವನ್ನು. ಷಾನ್ ಪಾಲ್ ಕುಣಿಸಿದ ‘ಗೆಟ್ ಬ್ಯುಸಿ’ 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು! ಆ ನೆಲಕ್ಕೂ ನಮಗೂ ಹಳೆಯ ನಂಟು: ಭಾರತದ ಕೂಲಿಯಾಳುಗಳ ಮೊದಲ ಹಡಗು ಜಮೈಕಾ ಮುಟ್ಟಿದ್ದು 1845ರಲ್ಲಿ. ಆ ದ್ವೀಪದ ಕುಣಿತದಲ್ಲಿ ನಮ್ಮ ಬೆಳಕಿನ ಹೆಸರು ಕೇಳಿದಾಗ ಕಣ್ಣು ತೇವವಾಯಿತು.

ಆದರೆ ಒಂದೇ ತಾಳಕ್ಕೆ ಹಲವು ಹಾಡು ಕೂರುವ ಈ ಕೌತುಕ ನನಗೆ ಹೊಸದೇ? ಆಕಾಶವಾಣಿ ಭದ್ರಾವತಿ ನೆನಪಾಯಿತು. 1965ರಿಂದ ಮಲೆನಾಡಿನ ಮನೆಮನೆಗೂ ದನಿ ತಲುಪಿಸಿದ ನಿಲಯ ಅದು. ಅಲ್ಲಿ ಬರುತ್ತಿದ್ದ ಜನಪದ ಗೀತೆಗಳಲ್ಲಿ ಒಂದೂರಿನವರ ಸೋಬಾನೆಯ ಮಟ್ಟಿಗೆ ಇನ್ನೊಂದೂರಿನವರು ಬೀಸುವ ಹಾಡು ಕೂರಿಸುತ್ತಿದ್ದರು. ಮಟ್ಟು! ಆ ಪದವೇ ಸಾಕಲ್ಲ! ದಾಸರ ಪದಕ್ಕೆ, ಯಕ್ಷಗಾನದ ಪದ್ಯಕ್ಕೆ, ಹಸೆಯ ಹಾಡಿಗೆ ನಾವು ಕೇಳುತ್ತಲೇ ಬಂದ ಪ್ರಶ್ನೆ: ‘ಇದು ಯಾವ ಮಟ್ಟು?’ ಮಟ್ಟು ಯಾರಪ್ಪನ ಆಸ್ತಿಯೂ ಅಲ್ಲ. ಕೊರಳಿದ್ದವರೆಲ್ಲ ಅದಕ್ಕೆ ಹಕ್ಕುದಾರರು.

ಇನ್ನೂ ದೊಡ್ಡ ಬೆರಗು ನಮ್ಮ ದೀಪಾವಳಿಯಲ್ಲೇ ಅಡಗಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಂಟಿಗೆ-ಪಂಟಿಗೆ! ಬಲಿಪಾಡ್ಯಮಿಯ ರಾತ್ರಿ ಹಬ್ಬ ಹಾಡುವವರು ದೀಪ ಹಿಡಿದು ಕಾಡುದಾರಿಯಲ್ಲಿ ಹೊರಡುತ್ತಾರೆ. ಮುಂದಿನವರು ಸೊಲ್ಲು ಎತ್ತುತ್ತಾರೆ, ಹಿಂದಿನವರು ಅದನ್ನೇ ಹಿಡಿದು ಹಾಡುತ್ತಾರೆ. ಬಾಗಿಲಿಗೆ ಬಂದ ಬೆಳಕಿಗೆ ಮನೆಯವರು ಎಣ್ಣೆ ಎರೆಯುತ್ತಾರೆ, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ಹಾಡು ಮುಂದಿನ ಮನೆಗೆ ನಡೆಯುತ್ತದೆ.

ಇಯರ್‌ಫೋನ್ ತೆಗೆದಿಟ್ಟೆ. ಕೈ ತಾನಾಗಿ ಲೆಂಕಿಯ ಚಪ್ಪಾಳೆ ತಟ್ಟುತ್ತಿತ್ತು, ಬಾಯಲ್ಲಿ ನಮ್ಮ ಹಬ್ಬದ ಸೊಲ್ಲು ಬಂತು. ಎರಡೂ ಒಂದರ ಪಕ್ಕ ಒಂದು ಹಾಯಾಗಿ ಕೂತವು! ದೀಪದಿಂದ ದೀಪ ಹಚ್ಚಿದರೆ ಮೊದಲಿನದು ಮಂಕಾಗುವುದಿಲ್ಲ. ಜಮೈಕಾದ ತಾಳವೂ ಮಲೆನಾಡಿನ ಮಟ್ಟೂ ಆ ಜಾತಿಯವೇ: ಹಂಚಿದಷ್ಟೂ ಉರಿಯುವಂಥವು.