ಡೈನೋಸಾರ್ ದನಿಯ ನಾಟಕಕಾರ

1995ರ ‘ಟಾಯ್ ಸ್ಟೋರಿ’ ಚಿತ್ರದಲ್ಲಿ ಎಲ್ಲದಕ್ಕೂ ಬೆದರುವ ಒಂದು ಹಸಿರು ಡೈನೋಸಾರ್ ಗೊಂಬೆಯಿದೆ. ಅದರ ಕೀರಲು ದನಿಗೆ ನಗದ ಮಕ್ಕಳು ಅಪರೂಪ. ಆ ದನಿ ವಾಲೆಸ್ ಶಾನ್ ಅವರದು. ಕುಳ್ಳು ದೇಹ, ಬೋಳು ತಲೆ, ಸದಾ ಗಾಬರಿಗೊಂಡಂತೆ ತೋರುವ ಮುಖ. ಹಾಲಿವುಡ್ಡಿಗೆ ಇವರಿಂದ ಬೇಕಾದದ್ದು ಇಷ್ಟೇ. ಆದರೆ ನ್ಯೂಯಾರ್ಕಿನ ಸಣ್ಣ ರಂಗಮಂದಿರಗಳಲ್ಲಿ ಕುಳಿತವರು ಕಂಡ ಶಾನ್ ಬೇರೆಯೇ ವ್ಯಕ್ತಿ. ಸುಖವಾಗಿ ಬದುಕುವವರ ನಿದ್ದೆ ಕೆಡಿಸುವುದನ್ನೇ ಕಸುಬಾಗಿಸಿಕೊಂಡ ನಾಟಕಕಾರ ಅವರು.

1943ರಲ್ಲಿ ಹುಟ್ಟಿದ ಶಾನ್ ಸುಖದ ನೆಲೆಯಿಂದಲೇ ಬಂದವರು. ತಂದೆ ವಿಲಿಯಂ ಶಾನ್ ‘ದ ನ್ಯೂಯಾರ್ಕರ್’ ಪತ್ರಿಕೆಯನ್ನು 1952ರಿಂದ 1987ರವರೆಗೆ ನಡೆಸಿದ ಪ್ರಖ್ಯಾತ ಸಂಪಾದಕ. ಮಗ ಓದಿದ್ದು ಹಾರ್ವರ್ಡ್ ಮತ್ತು ಆಕ್ಸ್‌ಫರ್ಡಿನಲ್ಲಿ. ರಾಜತಾಂತ್ರಿಕನಾಗುವ ಆಸೆಯಿದ್ದ ಈ ಯುವಕ, ನಡುವೆ ಫುಲ್‌ಬ್ರೈಟ್ ಯೋಜನೆಯಡಿ ಭಾರತಕ್ಕೆ ಬಂದು ಇಂದೋರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿದ. ರಾಯಭಾರ ಕಚೇರಿಯ ಕನಸು ಮುಂದೆ ಕೈಬಿಟ್ಟುಹೋಯಿತು. ಉಳಿದದ್ದು ನಾಟಕ ಬರೆಯುವ ಹಟ. ಹೊಟ್ಟೆಪಾಡಿಗೆ ಲ್ಯಾಟಿನ್ ಪಾಠ ಹೇಳಿದರು, ಜೆರಾಕ್ಸ್ ಅಂಗಡಿಯಲ್ಲಿ ದುಡಿದರು.

ಆಫ್-ಬ್ರಾಡ್ವೇ ಎಂದರೆ ನೂರರಿಂದ 499 ಆಸನಗಳ ರಂಗಮಂದಿರಗಳ ಲೋಕ. ಹಣ ಕಡಿಮೆ, ಸ್ವಾತಂತ್ರ್ಯ ಹೆಚ್ಚು. 1975ರಲ್ಲಿ ಆಂದ್ರೆ ಗ್ರೆಗರಿ ನಿರ್ದೇಶಿಸಿದ ‘ಅವರ್ ಲೇಟ್ ನೈಟ್’ ನಾಟಕ ಶಾನ್ ಅವರಿಗೆ ಆ ರಂಗಭೂಮಿಯ ಮಾನ್ಯ ಗೌರವವಾದ ಓಬೀ ಪ್ರಶಸ್ತಿ ತಂದಿತು. ಎರಡು ವರ್ಷಗಳ ನಂತರ ಮ್ಯಾಕಿಯವೆಲ್ಲಿಯ ಪ್ರಹಸನವೊಂದನ್ನು ಅನುವಾದಿಸಿಕೊಟ್ಟಾಗ ಅದರಲ್ಲೇ ಒಂದು ಪಾತ್ರವೂ ದಕ್ಕಿತು. ಅನುವಾದಕ ನಟನಾದದ್ದು ಹೀಗೆ. ಅಲ್ಲಿಂದ ವುಡಿ ಅಲೆನ್ನರ ‘ಮ್ಯಾನ್‌ಹಟನ್’, ಮುಂದೆ ಹಾಲಿವುಡ್ಡಿನ ಹತ್ತಾರು ಪೋಷಕ ಪಾತ್ರಗಳು. 1981ರಲ್ಲಿ ಲೂಯಿ ಮಾಲ್ ನಿರ್ದೇಶಿಸಿದ ‘ಮೈ ಡಿನ್ನರ್ ವಿತ್ ಆಂದ್ರೆ’ ಚಿತ್ರವನ್ನು ಬಲ್ಲವರು ನಮ್ಮ ಫಿಲ್ಮ್ ಸೊಸೈಟಿಗಳಲ್ಲೂ ಇದ್ದಾರೆ. ಊಟದ ಮೇಜಿನ ಮುಂದೆ ಶಾನ್ ಮತ್ತು ಗ್ರೆಗರಿ ಎಂಬ ಇಬ್ಬರ ಮಾತು. ಚಿತ್ರವೆಂದರೆ ಬಹುಮಟ್ಟಿಗೆ ಅಷ್ಟೇ.

ಆದರೆ ಅವರ ನಿಜವಾದ ಕಸುವು ಕಾಣುವುದು 1985ರ ‘ಆಂಟ್ ಡ್ಯಾನ್ ಅಂಡ್ ಲೆಮನ್’ ನಾಟಕದಲ್ಲಿ. ರೋಗಿಷ್ಠ ತರುಣಿಯೊಬ್ಬಳು ಪ್ರೇಕ್ಷಕರನ್ನು ನಯವಾಗಿ ಸ್ವಾಗತಿಸಿ, ಅಷ್ಟೇ ನಯವಾಗಿ ನಾಜಿಗಳನ್ನು ಸಮರ್ಥಿಸತೊಡಗುತ್ತಾಳೆ. ಅವಳ ತರ್ಕವನ್ನು ಖಂಡಿಸಲು ರಂಗದ ಮೇಲೆ ಯಾರೂ ಬರುವುದಿಲ್ಲ. ಆ ಕೆಲಸವನ್ನು ಪ್ರೇಕ್ಷಕನೇ ಮಾಡಬೇಕು, ಅದೂ ಮನೆಗೆ ಹೋಗುವ ದಾರಿಯಲ್ಲಿ. ನಾಟಕಕಾರ ತನ್ನ ನಿಲುವನ್ನು ಪಾತ್ರವೊಂದರ ಬಾಯಲ್ಲಿ ಹೇಳಿಸಿಬಿಟ್ಟರೆ ನಮಗೆಲ್ಲ ಎಷ್ಟು ಹಾಯೆನಿಸುತ್ತದೆ! ಶಾನ್ ಆ ಹಾಯನ್ನು ಕೊಡಲೊಪ್ಪಲಿಲ್ಲ.

1990ರಲ್ಲಿ ಬಂದ ‘ದ ಫೀವರ್’ ಏಕವ್ಯಕ್ತಿ ನಾಟಕ. ಬಡ ದೇಶವೊಂದರ ಹೋಟೆಲಿನಲ್ಲಿ ಜ್ವರದಿಂದ ನಡುಗುತ್ತಿರುವ ಅನುಕೂಲಸ್ಥ ಪ್ರವಾಸಿಯೊಬ್ಬರ ರಾತ್ರಿ ಅದರ ವಸ್ತು. ಒಳ್ಳೆಯ ಸಂಗೀತ, ಒಳ್ಳೆಯ ಪುಸ್ತಕ, ಗೆಳೆಯರಿಗೆ ಕೊಡುವ ಉಡುಗೊರೆ ಇವೆಲ್ಲ ತನ್ನ ಪಾಲಿಗೆ ಬಂದದ್ದು ಹೇಗೆ, ಯಾರ ದುಡಿಮೆಯಿಂದ ಎಂಬ ಪ್ರಶ್ನೆ ಜ್ವರದ ಜೊತೆಗೇ ಏರುತ್ತಾ ಹೋಗುತ್ತದೆ. ತಾನು ಒಳ್ಳೆಯವನೆಂಬ ನಂಬಿಕೆಯೂ ಅದರೊಂದಿಗೆ ಕುಸಿಯುತ್ತದೆ. ಇದನ್ನು ರಂಗಮಂದಿರದಲ್ಲಿ ಆಡಿದರೆ ಜನ ಟಿಕೆಟ್ ಕೊಂಡು, ಕೈ ತಟ್ಟಿ, ಊಟಕ್ಕೆ ಹೋಗಿಬಿಡುತ್ತಾರೆ. ಆದ್ದರಿಂದ ಶಾನ್ ಮೊದಲಿಗೆ ಪರಿಚಿತರ ಮನೆಗಳಿಗೇ ಹೋಗಿ, ದಿವಾನಖಾನೆಯಲ್ಲಿ ಕುಳಿತು ಕೆಲವೇ ಜನರ ಎದುರು ಆಡಿದರು. ಪುಸ್ತಕದ ಕಪಾಟು, ಗೋಡೆಯ ಚಿತ್ರ, ಮೆತ್ತನೆಯ ಕುರ್ಚಿ ಎಲ್ಲವೂ ನಾಟಕದ ಸಾಕ್ಷಿಗಳಾಗಿ ಅಲ್ಲೇ ಇದ್ದವು. ಆಮೇಲೆ ಅದು ರಂಗಮಂದಿರಕ್ಕೂ ಬಂತು, ಓಬೀಯನ್ನೂ ಪಡೆಯಿತು.

ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ. ಡಿಸ್ನಿಯಂಥ ಸಂಸ್ಥೆಗಳ ಚಿತ್ರಗಳಿಂದ ಸಂಪಾದಿಸುವ ನಟ, ಸಂಪತ್ತಿನ ಪಾಪದ ಬಗ್ಗೆ ಉಳ್ಳವರಿಗೇ ಬೋಧಿಸುವುದು ಬೂಟಾಟಿಕೆಯಲ್ಲವೇ? ಆರೋಪ ಸುಳ್ಳಲ್ಲ. ಆದರೆ ನಾಟಕದ ಒಳಗೇ ಅದನ್ನು ತಮ್ಮ ಮೇಲೆ ಹೊರಿಸಿಕೊಂಡವರು ಶಾನ್. ವಿಮರ್ಶಕನಿಗೆ ಹೊಸದಾಗಿ ಹೇಳಲು ಹೆಚ್ಚೇನೂ ಉಳಿಸಿಲ್ಲ. ಚಿತ್ರಗಳ ಸಂಪಾದನೆ ಇದ್ದುದರಿಂದಲೇ ಗಲ್ಲಾಪೆಟ್ಟಿಗೆಯ ಮುಖ ನೋಡದೆ ಬರೆಯುವುದು ಅವರಿಗೆ ಸಾಧ್ಯವಾಯಿತೆಂಬುದೂ ನಿಜ. 2000ದಲ್ಲಿ ‘ದ ಡೆಸಿಗ್ನೇಟೆಡ್ ಮೋರ್ನರ್’ ನಾಟಕವನ್ನು ನ್ಯೂಯಾರ್ಕಿನ ಪಾಳುಬಿದ್ದ ಕ್ಲಬ್ಬೊಂದರಲ್ಲಿ ಆಡಿದಾಗ ಒಂದು ಪ್ರದರ್ಶನಕ್ಕೆ ಸುಮಾರು ಮೂವತ್ತು ಜನರಿಗಷ್ಟೇ ಜಾಗ. ಓದು ಬರಹ ಬಲ್ಲವರ ಬಳಗವೊಂದನ್ನು ಸರ್ವಾಧಿಕಾರ ಮೆಲ್ಲನೆ ಅಳಿಸಿಹಾಕುವ ಆ ಕಥೆಯಲ್ಲಿ ಶಾನ್ ವಹಿಸಿದ್ದು, ಕಾವ್ಯವನ್ನು ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುವ ಗಂಡಿನ ಪಾತ್ರ. ಜೊತೆಯಲ್ಲಿ ಅಭಿನಯಿಸಿದ ಡೆಬೊರಾ ಐಸೆನ್‌ಬರ್ಗ್ ಸಣ್ಣಕಥೆಗಳಿಗೆ ಹೆಸರಾದವರು, ಅವರ ಬಾಳಸಂಗಾತಿ.

2007ರಲ್ಲಿ ‘ದ ಫೀವರ್’ ಮತ್ತೆ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಿತು. ಈ ಸಲ ಮನೆಯಲ್ಲಲ್ಲ, ರಂಗಮಂದಿರದಲ್ಲೇ. ಆಟಕ್ಕೆ ಮೊದಲು ಪ್ರೇಕ್ಷಕರನ್ನು ರಂಗದ ಮೇಲಕ್ಕೆ ಕರೆದು ಷಾಂಪೇನ್ ಕೊಡಲಾಗುತ್ತಿತ್ತು. ಶಾನ್ ಅವರ ನಡುವೆಯೇ ಓಡಾಡಿ ಕುಶಲ ಕೇಳುತ್ತಿದ್ದರು. ಆಮೇಲೆ ಎಲ್ಲರೂ ತಂತಮ್ಮ ಜಾಗಕ್ಕೆ ಮರಳಿದ ಮೇಲೆ, ಅವರು ಕುರ್ಚಿಯಲ್ಲಿ ಕುಳಿತು ಆ ಹೋಟೆಲಿನ ರಾತ್ರಿಯ ಕಥೆ ಹೇಳಲು ತೊಡಗುತ್ತಿದ್ದರು.