ಹಗೇವಿಗೆ ಇಳಿಸಿದ ದೀಪ

ಪುನರ್ವಸು ಮಳೆ ಹುಟ್ಟಿತೆಂದರೆ ನಮ್ಮ ಬಯಲುಸೀಮೆಯ ರೈತನ ಕತ್ತು ತಾನಾಗಿಯೇ ಮೇಲಕ್ಕೆ ತಿರುಗುತ್ತದೆ. ಪಡುವಣದಲ್ಲಿ ಮೋಡ ಕಟ್ಟುತ್ತದೆ. ಗಾಳಿ ಎದ್ದು ಅದನ್ನು ಚದುರಿಸಿಬಿಡುತ್ತದೆ. ಮರುದಿನವೂ ಅದೇ ಆಟ. ಮನೆಯೊಳಗೆ, ಗೋಡೆಯ ಗೂಡಿನಲ್ಲಿ, ಬೂದಿ ಬೆರೆಸಿಟ್ಟ ಬೀಜದ ರಾಗಿ ಕುಡಿಕೆಯಲ್ಲಿ ಕುಳಿತಿದೆ. ಅದನ್ನು ಇಂದು ಮಣ್ಣಿಗೆ ಚೆಲ್ಲಿದರೆ ನಾಲ್ಕು ದಿನಗಳಲ್ಲಿ ಮೊಳೆತೀತು. ಇಲ್ಲವೆ ಹುರಿದ ಕಾಳಾದೀತು. ಚೆಲ್ಲದೆ ಕಾದರೆ ಹದ ತಪ್ಪೀತು. ಈ ಎರಡು ಭಯಗಳ ನಡುವೆ ನಿಂತವನು ಕೊನೆಗೊಂದು ಬೆಳಿಗ್ಗೆ ಕುಡಿಕೆಯನ್ನು ಕೈಗೆ ತೆಗೆದುಕೊಂಡು ಹೊಲಕ್ಕೆ ಹೊರಡುತ್ತಾನಲ್ಲ, ಆಗ ಅವನನ್ನು ಹೊರಡಿಸಿದ್ದು ಯಾವುದು?

ನಂಬಿಕೆ, ಕೃಪೆ ಎಂಬ ಮಾತುಗಳನ್ನು ನಾವು ಗುಡಿಯ ಹೊಸ್ತಿಲಿನಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅವು ಹೊಲದ ಬದುವಿನ ಮೇಲೆ, ಅಡಿಗೆಯ ಒಲೆಯ ಮುಂದೆ, ಯಾವ ರೂಪದಲ್ಲಿ ಇರುತ್ತವೆಂಬುದನ್ನು ವಾಚಕರೊಡನೆ ಕೂಡಿ ನೋಡಬೇಕೆಂಬುದೇ ಈ ಲೇಖನದ ಆಸೆ.

ನಕ್ಷತ್ರಗಳ ಲೆಕ್ಕ

ಸೂರ್ಯನು ವರ್ಷವೊಂದರಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದರಲ್ಲಿಯೂ ಸುಮಾರು ಹದಿಮೂರೂವರೆ ದಿನಗಳ ವಾಸ. ನಮ್ಮ ಹಿರಿಯರು ಆ ಒಂದೊಂದು ವಾಸಕ್ಕೂ ಒಂದೊಂದು ಮಳೆಯ ಹೆಸರಿಟ್ಟರು. ಮೇ ಕೊನೆಗೆ ರೋಹಿಣಿ, ಜೂನಿನಲ್ಲಿ ಮೃಗಶಿರೆ, ಆರಿದ್ರೆ, ಜುಲೈಯಲ್ಲಿ ಪುನರ್ವಸು, ಪುಷ್ಯ, ಆಮೇಲೆ ಆಶ್ಲೇಷೆ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆ ಇಂದಿಗೂ ಹಳ್ಳಿಯ ಕಟ್ಟೆಯ ಮೇಲೆ ಕೇಳಿಬರುತ್ತದೆ. ಮಳೆಯನ್ನು ಮನೆಯ ಮಗನಿಗೆ ಹೋಲಿಸಿದ ಆ ನಾಲಗೆಯ ಅಂತಃಕರಣವೆಷ್ಟು!

ಆದರೆ ಲೆಕ್ಕ ಬೇರೆ, ಮಳೆ ಬೇರೆ. 1875ರಲ್ಲಿ ಸ್ಥಾಪನೆಯಾದ ಭಾರತದ ಹವಾಮಾನ ಇಲಾಖೆಯು ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1 ಎಂದು ಹೇಳುತ್ತದೆ. ನಾಡಿನ ಮೇಲೆ ಬೀಳಬಹುದಾದ ಮಳೆಯ ಅಂದಾಜನ್ನೂ ಕೊಡುತ್ತದೆ. ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಆದರೂ ಬದುವಿನ ಆಚೆಯ ಹೊಲ ನೆನೆದು, ಈಚೆಯ ಹೊಲ ಧೂಳೇ ಆಗಿ ಉಳಿದದ್ದನ್ನು ಯಾವ ರೈತ ಕಂಡಿಲ್ಲ?

ಬೇಡಿದ್ದೆಲ್ಲ ಬಂದೀತೆ?

ನಂಬಿದವರಿಗೆ ಕೇಡಿಲ್ಲವೆಂದು ಹೇಳಿಬಿಡುವುದು ಸುಲಭ. ಚರಿತ್ರೆ ಅಷ್ಟು ಸುಲಭವಾಗಿಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಬಡಿದ ಬರವನ್ನು ಧಾತು, ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಾರೆ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ, 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಾಗೆ ಅಳಿದವರು ದೇವರನ್ನು ನೆನೆಯದವರೆ? ಹರಕೆ ಹೊರದವರೆ? ಹಾಗೆಂದು ಹೇಳುವ ಎದೆ ಯಾರಿಗಿದೆ?

ಆದುದರಿಂದ ನಂಬಿಕೆಯೆಂದರೆ ಬೇಡಿದ್ದು ಬಂದೇ ತೀರುತ್ತದೆಂಬ ಖಾತರಿಯಲ್ಲ. ಅದು ಬೇರೆ ಏನೋ ಆಗಿರಬೇಕು. ಅದೇನೆಂಬುದನ್ನು ನಮ್ಮ ರೈತರು ಮಾತಿನಲ್ಲಿ ಹೇಳಲಿಲ್ಲ. ನೆಲದಲ್ಲಿ ತೋಡಿ ತೋರಿಸಿದರು.

ನೆಲದೊಡಲಿನ ಭರವಸೆ

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಗೇವು ಎಂಬುದೊಂದಿತ್ತು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಡಲು ಅಗಲವಾಗಿ ತೋಡಿದ ಕಣಜವದು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹುಳುವಿಗೆ ಬಗ್ಗದ ಧಾನ್ಯ ರಾಗಿ. ಬೆಳೆ ತುಂಬಿ ಬಂದ ವರ್ಷದಲ್ಲಿ, ಇನ್ನೂ ಕಾಣದ ಬರದ ವರ್ಷವನ್ನು ನೆನೆದು, ಮನೆಯ ಹಿರಿಯನು ಅದನ್ನು ನೆಲದೊಡಲಿಗೆ ಒಪ್ಪಿಸುತ್ತಿದ್ದನು.

ಹಗೇವನ್ನು ತೆರೆಯುವ ಕ್ರಮ ಇನ್ನೂ ಸ್ವಾರಸ್ಯವಾದುದು. ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡು ಅಲ್ಲಿ ಮಡುಗಟ್ಟಿರುತ್ತದೆ. ಹುಳುಗಳನ್ನು ಕೊಂದು ಕಾಳನ್ನು ಕಾಯುವ ಗಾಳಿಯೂ ಅದೇ, ಅರಿಯದೆ ಇಳಿದ ಮನುಷ್ಯನನ್ನು ಕೊಲ್ಲುವ ಗಾಳಿಯೂ ಅದೇ. ಆದುದರಿಂದ ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವೊಂದನ್ನು ಮೆಲ್ಲಗೆ ಇಳಿಬಿಡುತ್ತಿದ್ದರು. ದೀಪ ಆರಿದರೆ ಕಾಯಬೇಕು, ಉರಿಯುತ್ತಿದ್ದರೆ ಇಳಿಯಬಹುದು. ಕುರುಡು ನಂಬಿಕೆಗೂ ಕಣ್ಣುಳ್ಳ ನಂಬಿಕೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರ ಹೇಳೀತು?

ಬಿತ್ತನೆಯಲ್ಲಿಯೂ ಇದೇ ವಿವೇಕವುಂಟು. ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಸಾಲಿಡುವುದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಎಣಿಕೆ. ರಾಗಿ ಬೇಗ ಬಾಡಿದರೂ ತೊಗರಿಯ ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ.

ರಾಗಿಯನ್ನು ನಂಬಿ ಬಾಳನ್ನೇ ಸವೆಸಿದ ವಿಜ್ಞಾನಿಯೊಬ್ಬರ ನೆನಪು ಇಲ್ಲಿ ಬರುತ್ತದೆ. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಅದರಲ್ಲಿ ಬೆರಕೆ ಮಾಡುವುದು ಬಹು ಕಷ್ಟದ ಕೆಲಸ. ಅವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ಪಡೆದರು. ಇಂಡಿಯಾ, ಆಫ್ರಿಕ ಎರಡೂ ಹೆಸರು ಬೆರೆತು ಅವು ‘ಇಂಡಾಫ್’ ಆದವು. ಒಂದು ತೆನೆಯ ಫಲವನ್ನರಿಯಲು ಒಂದು ಬೆಳೆಗಾಲ ಕಾಯಬೇಕಾದ ಕೆಲಸದಲ್ಲಿ ವರ್ಷಗಳನ್ನು ಕಳೆದವರಿಗೆ ನಂಬಿಕೆಯೆಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಣದ ತೇವ, ಕೊಡದ ನೀರು

ಉತ್ತರ ಕರ್ನಾಟಕದ ಎರೆನೆಲದ ಕಡೆಗೆ ಹೋದರೆ ಕೃಪೆಯ ಇನ್ನೊಂದು ಮುಖ ಕಂಡೀತು. ಹಿಂಗಾರಿನ ಬಿಳಿಜೋಳವನ್ನು ಬಿತ್ತಿದ ಮೇಲೆ ಮಳೆ ಬಹುಪಾಲು ನಿಂತೇಹೋಗುತ್ತದೆ. ಆದರೂ ಪೈರು ಆಳೆತ್ತರಕ್ಕೆ ಏಳುತ್ತದೆ. ಹೇಗೆ? ಹಿಂದೆ ಬಿದ್ದ ಮಳೆಯನ್ನು ಕರಿಮಣ್ಣು ತನ್ನೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಬೇರು ಅದನ್ನು ಹೀರಿ ಬೆಳೆಯುತ್ತದೆ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ರೊಟ್ಟಿ, ಎಣ್ಣೆಗಾಯಿ, ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಮಾಡಿ, ಪೈರಿನ ಮೇಲೆ ಚರಗ ಚೆಲ್ಲುತ್ತಾರೆ. ಸುಗ್ಗಿ ಇನ್ನೂ ದೂರ. ತೆನೆಯ ಕಾಳು ಮನೆಗೆ ಬರುವುದೋ ಇಲ್ಲವೋ ಗೊತ್ತಿಲ್ಲ. ಆದರೆ ಕೊಡುವುದು ಮೊದಲು, ಪಡೆಯುವುದು ಆಮೇಲೆ!

ಮಳೆ ಹಿಂದೆಗೆದ ವರ್ಷ ನಮ್ಮ ಸೀಮೆಯ ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು, ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗುತ್ತಾರೆ. ಮನೆಯಾಕೆ ಒಂದು ಕೊಡ ನೀರನ್ನು ಹೊತ್ತವನ ತಲೆಯ ಮೇಲೆ ಸುರಿದು, ಮೊರದಲ್ಲಿ ಹಿಟ್ಟೋ ಕಾಳೋ ನೀಡುತ್ತಾಳೆ. ಯೋಚಿಸಿ ನೋಡಿ: ಬಾವಿ ಬತ್ತಿದ ದಿನಗಳಲ್ಲಿ, ಮೈಲಿ ನಡೆದು ತಂದ ಕೊಡವದು! ಕೂಡಿದ ಹಿಟ್ಟು ಕಾಳುಗಳಿಂದ ಅಡಿಗೆಯಾಗಿ ಊರೆಲ್ಲ ಒಂದು ಪಂಕ್ತಿಯಲ್ಲಿ ಉಣ್ಣುತ್ತದೆ. ಮಳೆರಾಯ ಮಳೆ ತರುವನೋ ಬಿಡುವನೋ, ಆ ದಿನ ಹಸಿದು ಮಲಗಿದವರು ಊರಿನಲ್ಲಿ ಇರುವುದಿಲ್ಲ.

ಬದುವಿನ ಆಚೆಯಿಂದ

ಇದೆಲ್ಲ ಹಳೆಯ ಮಾತಾಯಿತು ಎನ್ನುವವರಿಗಾಗಿ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. 2023ರ ಆಗಸ್ಟು, ದಾಖಲೆ ಇಡತೊಡಗಿದ 1901ರಿಂದ ಅದುವರೆಗೆ ಭಾರತ ಕಂಡ ಆಗಸ್ಟುಗಳಲ್ಲೆಲ್ಲ ಅತ್ಯಂತ ಒಣಗಿದ ತಿಂಗಳು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಜುಲೈಯ ಮಳೆಯನ್ನು ನಂಬಿ ನನ್ನ ಸೋದರಮಾವ ಬಿತ್ತಿದ ಎರಡು ಎಕರೆ ರಾಗಿ ಮಘೆಯ ಹೊತ್ತಿಗೆ ಹಳದಿಯಾಗಿ ನೆಲಹಿಡಿಯಿತು. ಬೀಜದ ಕುಡಿಕೆ ಬರಿದಾಗಿತ್ತು. ಹುಲ್ಲಿಗೆ ದಾರಿಯಿಲ್ಲದೆ ಹಸುವನ್ನು ಸಂತೆಗೆ ಹೊಡೆಯುವ ಮಾತು ನಡೆದಿತ್ತು. ಮಾವ ಜಗುಲಿಯಿಂದ ಏಳುತ್ತಲೇ ಇರಲಿಲ್ಲ. ಅತ್ತೆ ಮಾತ್ರ ಎಂದಿನಂತೆ ನಸುಕಿನಲ್ಲಿ ಎದ್ದು ಬಾಗಿಲಿಗೆ ನೀರು ಚಿಮುಕಿಸಿ, ರಂಗೋಲಿಯ ಒಂದೆಳೆಯನ್ನೂ ತಪ್ಪಿಸುತ್ತಿರಲಿಲ್ಲ.

ಉತ್ತರೆಯಲ್ಲಿ ಒಂದು ಸಂಜೆ ಒಂದು ಹದದ ಮಳೆ ಬಂದಿತು. ರಾಗಿಗೆ ಕಾಲ ಮೀರಿತ್ತು. ಮರುದಿನ ಬೆಳಿಗ್ಗೆ, ಬದುವಿನ ಜಗಳದಿಂದಾಗಿ ಆರು ವರ್ಷಗಳಿಂದ ಮಾತುಬಿಟ್ಟಿದ್ದ ಪಕ್ಕದ ಹೊಲದವಳು ಸೆರಗಿನ ಮರೆಯಲ್ಲಿ ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

“ಅಕ್ಕಾ, ಹುರುಳಿ ಬೀಜ ಐತೆ. ನಮ್ಮದಕ್ಕೆ ಆಗಿ ಮಿಕ್ಕೈತೆ. ಹೊಲ ಬೀಳು ಬಿದ್ರೆ ನೋಡೋ ಕಣ್ಣಿಗೂ ಒಳ್ಳೇದಲ್ಲ. ಅಣ್ಣಂಗೆ ಹೇಳು, ಇವತ್ತೇ ಎರಚಲಿ.”

ಅತ್ತೆ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ, “ಒಳಕ್ಕೆ ಬಾ ತಂಗಿ, ಕಾಪಿ ಕುಡ್ಕೊಂಡು ಹೋಗುವಂತೆ” ಎಂದಳು. ಜಗುಲಿಯ ಮೇಲಿದ್ದ ಮಾವ ಎದ್ದು ಮೊರ ಹುಡುಕಿದನು.

ಆ ವರ್ಷ ಮಳೆ ಮತ್ತೆ ಸರಿಯಾಗಿ ಬರಲೇ ಇಲ್ಲ. ಹುರುಳಿ ಬಡವಾಗಿಯೇ ಬೆಳೆಯಿತು. ಮನೆಯ ಸಾರಿಗಾಯಿತು, ಅದರ ಹೊಟ್ಟು ಹಸುವಿಗಾಯಿತು. ಸಾಲ ತೀರಲಿಲ್ಲ. ಆದರೆ ಹಸು ಸಂತೆಗೆ ಹೋಗಲಿಲ್ಲ. ಬದುವಿನ ಮೇಲೆ ಮತ್ತೆ ಕಾಲುದಾರಿ ಬಿದ್ದಿತು. ಕೃಪೆ ಮೋಡದಿಂದ ಇಳಿದೀತೆಂದು ನಾವೆಲ್ಲ ಮೇಲಕ್ಕೆ ನೋಡುತ್ತಿದ್ದಾಗ, ಅದು ಬದು ದಾಟಿ ಬರಿಗಾಲಿನಲ್ಲಿ ನಡೆದು ಬಂದಿತ್ತು.

ವಾಚಕರಲ್ಲಿ ಎಲ್ಲರಿಗೂ ಹೊಲವಿರಲಾರದು. ಆದರೆ ಅನಿಶ್ಚಿತವಾದ ಋತು ಯಾರ ಮನೆಗೆ ಬಂದಿಲ್ಲ? ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ತಾಯಿ, ಕೆಲಸ ಹೋದ ಸುದ್ದಿಯನ್ನು ಮನೆಯಲ್ಲಿ ಹೇಗೆ ಹೇಳಲೆಂದು ಬೀದಿ ಸುತ್ತುವ ಮಗ, ಇವರೂ ಮೋಡವನ್ನೇ ನೋಡುತ್ತಿರುವವರು. ಅವರಿಗೆ ಮಳೆ ಬಂದೇ ಬರುತ್ತದೆಂದು ಮಾತು ಕೊಡಲು ನಮ್ಮಿಂದಾಗದು. ಒಂದು ಹಿಡಿ ಬೀಜ ಕೊಡುವುದು ಆದೀತು. ಕತ್ತಲು ತುಂಬಿದ ಹಗೇವಿನ ಬಾಯಲ್ಲಿ ಒಬ್ಬನೇ ನಿಂತವನ ಪಕ್ಕಕ್ಕೆ ಹೋಗಿ, ದೀಪದ ಹಗ್ಗವನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳುವುದು ಆದೀತು.